ಮಿಸ್ಟರ್ ಎನ್. ಅಕ್ದೆರೆ ಎಂಬ ಹೆಂಗಸು

ನನ್ನ ಅಣ್ಣನ ಮಗಳು ಶ್ರಾವ್ಯ ಕಳೆದ ತಿಂಗಳು ದುಬೈಯ ಒಂದು ಕಟ್ಟಡ ಕಂಪನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್ ಆಗಿ ಸೇರಿದಳು. ಮೊದಲ ವಾರ ಮುಗಿಸಿ ಫೋನ್ ಮಾಡಿದವಳು, "ಅತ್ತೆ, ನೀವು ಮೂವತ್ತು ವರ್ಷ ಈ ಕೆಲಸ ಹೇಗೆ ಮಾಡಿದ್ರಿ? ಫೈಲ್ ಅಪ್‌ಲೋಡ್ ಮಾಡುದು, ನಂಬರ್ ಹಾಕುದು, ಮೇಲ್ ಕಳಿಸುದು. ಇದ್ರಲ್ಲಿ ಕಲೀಲಿಕ್ಕೆ ಎಂತ ಉಂಟು?" ಎಂದು ಕೇಳಿದಳು. ಫೋನಿನಲ್ಲಿ ಹೇಳಿ ಮುಗಿಯುವ ಉತ್ತರವಲ್ಲ ಅದು. ನಿವೃತ್ತಿಯಾದ ಮೇಲೆ ಸಮಯಕ್ಕೇನೂ ಕೊರತೆಯಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ, ಅವಳಿಗೂ ಅವಳ ಹಾಗೆ ಈ ಕುರ್ಚಿಯಲ್ಲಿ ಕೂರುವ ಉಳಿದವರಿಗೂ.

ನಾನು ಸೇರುವಾಗ ಈ ಕೆಲಸಕ್ಕೆ ಇಷ್ಟು ದೊಡ್ಡ ಹೆಸರಿರಲಿಲ್ಲ. ಕಾಪುವಿನ ಹತ್ತಿರದವಳು ನಾನು. ಇಂಗ್ಲಿಷ್ ಟೈಪಿಂಗ್ ಸೀನಿಯರ್ ಪಾಸು ಮಾಡಿ, ಮದುವೆಯಾಗಿ, ಎಂಬತ್ತರ ದಶಕದಲ್ಲಿ ಅಬುಧಾಬಿಗೆ ಬಂದೆ. ಗಂಡನಿಗೆ ಮುಸಫಾದಲ್ಲಿ ಬಿಡಿಭಾಗಗಳ ಅಂಗಡಿಯಲ್ಲಿ ಕೆಲಸ. ಟೂರಿಸ್ಟ್ ಕ್ಲಬ್ ಏರಿಯಾದ ಒಂದು ಫ್ಲ್ಯಾಟಿನಲ್ಲಿ ಇನ್ನೊಂದು ಸಂಸಾರದ ಜೊತೆ ನಮ್ಮ ವಾಸ. ಎರಡು ಬೀದಿ ದಾಟಿದರೆ ಕಟ್ಟಡಗಳ ನಕ್ಷೆ ಮಾಡುವ ಒಂದು ಕಚೇರಿ. ಅಲ್ಲಿ ಟೈಪಿಸ್ಟ್ ಬೇಕೆಂದು ತಿಳಿದು ಹೋದೆ. ಆರು ತಿಂಗಳಲ್ಲಿ ನಕ್ಷೆಗಳ ಕೋಣೆ ನೋಡುತ್ತಿದ್ದ ಮನುಷ್ಯ ಊರಿಗೆ ಹೋದವನು ಮರಳಲಿಲ್ಲ. ಅವನ ಬೀಗದ ಕೈಯೂ ನನ್ನ ಮೇಜಿಗೆ ಬಂತು.

ಆಗ ನಕ್ಷೆಗಳೆಂದರೆ ಟ್ರೇಸಿಂಗ್ ಹಾಳೆಯ ಮೇಲೆ ಶಾಯಿಯಲ್ಲಿ ಬರೆದವು. ಪ್ರತಿ ತೆಗೆಯುವ ಯಂತ್ರಕ್ಕೆ ಅಮೋನಿಯಾ ಹಾಕಬೇಕು. ಅದರ ಮುಂದೆ ಹತ್ತು ನಿಮಿಷ ನಿಂತರೆ ಕಣ್ಣಲ್ಲಿ ನೀರು. ಹೊರಗೆ ಹೋಗುವ ಪ್ರತಿ ನಕ್ಷೆಗೂ ಒಂದು ರವಾನೆ ಚೀಟಿ: ನಂಬರ್ ಯಾವುದು, ಎಷ್ಟನೇ ತಿದ್ದುಪಡಿ, ಯಾರು ಬರೆದದ್ದು, ಯಾರಿಗೆ ಹೋಯಿತು. ಹೊಸ ತಿದ್ದುಪಡಿ ಬಂದೊಡನೆ ಹಳೆಯದರ ಮೇಲೆ 'ಇದು ರದ್ದು' ಎಂಬ ಕೆಂಪು ಮುದ್ರೆ. ಹರಿದು ಎಸೆಯುವಂತಿಲ್ಲ. ತಪ್ಪಾದದ್ದೂ ಕಪಾಟಿನಲ್ಲೇ ಇರಬೇಕು, ತಪ್ಪು ಎಂದು ಬರೆಸಿಕೊಂಡು.

ಈ ನಿಯಮ ನನಗೆ ಪುಸ್ತಕದಿಂದ ಬಂದದ್ದಲ್ಲ. ಮೊದಲ ವರ್ಷವೇ ಒಂದು ಶಾಲೆಯ ನಕ್ಷೆಯ ಹಳೆಯ ತಿದ್ದುಪಡಿಯನ್ನು ಸೈಟಿಗೆ ಕಳಿಸಿಬಿಟ್ಟಿದ್ದೆ. ಬಾಗಿಲು ಬರಬೇಕಾದಲ್ಲಿ ಗೋಡೆ ಎದ್ದಿತು. ಕಚೇರಿ ಕಟ್ಟಿದ ಹಿರಿಯ ಸಾಹೇಬರು ಲೆಬನಾನಿನವರು, ಮಾತು ಕಡಿಮೆ. ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಆ ಗೋಡೆಯ ಎದುರು ಒಂದು ಕುರ್ಚಿ ಹಾಕಿಸಿದರು. ಇಬ್ಬರು ಕೆಲಸದವರು ಸುತ್ತಿಗೆಯಿಂದ ಗೋಡೆ ಒಡೆಯುವುದನ್ನು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನೋಡಿದೆ. ಸಾಹೇಬರು ಒಂದು ಮಾತೂ ಬೈಯಲಿಲ್ಲ. ಮತ್ತೆ ಮೂವತ್ತು ವರ್ಷ ನನ್ನ ಕೈಯಿಂದ ತಪ್ಪು ಕಾಗದ ಹೊರಗೆ ಹೋಗಲಿಲ್ಲವೆಂದು ಎಲ್ಲರ ಹತ್ತಿರವೂ ಹೇಳಿಕೊಂಡು ತಿರುಗಿದೆ. ಅದು ಸುಳ್ಳೆಂದು ನನಗೆ ಒಳಗೆ ಗೊತ್ತಿತ್ತು.

ನೆರ್ಮಿನ್ ಅಕ್ದೆರೆ ನಮ್ಮ ಕಚೇರಿಗೆ ಬಂದಾಗ ಅವರಿಗೆ ಮೂವತ್ತೆರಡೋ ಮೂವತ್ತಮೂರೋ. ಹುಟ್ಟಿದ್ದು ತುರ್ಕಿಯ ಒಂದು ಬಂದರು ಊರಿನಲ್ಲಿ. ತಾಯಿ ಜರ್ಮನಿಯ ಬಲ್ಬು ಕಾರ್ಖಾನೆಯ ಕೂಲಿಗೆ ಹೋದಾಗ ಹತ್ತು ವರ್ಷದ ಹುಡುಗಿ ಜೊತೆಗೆ ಹೋದವರು. ಅಲ್ಲೇ ಓದಿ ಆರ್ಕಿಟೆಕ್ಟ್ ಆದರು, ಅಲ್ಲಿಂದ ಇಲ್ಲಿಗೆ. ನಮ್ಮಲ್ಲಿ ಎಲ್ಲರೂ ಅವರನ್ನು ಜರ್ಮನ್ ಮೇಡಂ ಎನ್ನುತ್ತಿದ್ದರು. ಕುಳ್ಳಗಿನ ಹೆಂಗಸು, ನಡೆದರೆ ಹಿಂದೆ ನಾವು ಓಡಬೇಕು. ನನ್ನನ್ನು 'ಜಾನಿಮ್' ಎಂದು ಕರೆಯುತ್ತಿದ್ದರು. ಹಾಗೆಂದರೆ ಅವರ ಭಾಷೆಯಲ್ಲಿ ನನ್ನ ಜೀವವೇ ಎಂದಂತೆ. ಮೊದಲ ಸಲ ಅರ್ಥ ಕೇಳಿ ನಾಚಿಕೆಯಾಗಿತ್ತು.

ಅವರ ಕೈಗೆ ಕೊಟ್ಟ ಮೊದಲ ಕೆಲಸ ತಾಯಂದಿರು ಮತ್ತು ಮಕ್ಕಳಿಗಾಗಿ ಒಂದು ಸಣ್ಣ ಕ್ಲಿನಿಕ್. ಅದರ ಗುತ್ತಿಗೆದಾರರಿಗೆ ನಾನು ಟೈಪ್ ಮಾಡಿದ ಮೂರು ಪತ್ರಗಳಲ್ಲಿ 'ಮಿಸ್ಟರ್ ಎನ್. ಅಕ್ದೆರೆ' ಎಂದು ಹೋಯಿತು. ನಮ್ಮ ನಮೂನೆಯಲ್ಲಿ ಮಿಸ್ಟರ್ ಎಂದು ಮೊದಲೇ ಅಚ್ಚಾಗಿತ್ತು. ಮುಂದೆ ಹೆಸರು ಹೊಡೆಯುವುದಷ್ಟೇ ನನ್ನ ಕೆಲಸ. ಗೊತ್ತಾದಾಗ ಹೆದರಿಕೊಂಡು ಅವರ ಮೇಜಿಗೆ ಹೋದೆ.

"ಮೇಡಂ, ನಿಮ್ಮನ್ನು ಗಂಡಸು ಮಾಡಿಬಿಟ್ಟಿದ್ದೇನೆ. ಎಲ್ಲವನ್ನೂ ಪುನಃ ಟೈಪ್ ಮಾಡಿ ಕೊಡ್ತೇನೆ."

ಅವರು ಪತ್ರ ನೋಡಿ ಜೋರಾಗಿ ನಕ್ಕರು. "ಬಿಡು ಜಾನಿಮ್. ಮೊನ್ನೆವರೆಗೆ ಈ ಗುತ್ತಿಗೆದಾರ ನಾನು ಫೋನಿನಲ್ಲಿ ಕೇಳಿದ ಒಂದು ಪ್ರಶ್ನೆಗೂ ಉತ್ತರ ಕೊಟ್ಟಿರಲಿಲ್ಲ. ಮಿಸ್ಟರ್‌ಗೆ ನೋಡು, ಮೂರೇ ದಿನದಲ್ಲಿ ಕೊಟ್ಟಿದ್ದಾನೆ. ಹಾಗೇ ಇರಲಿ."

ಹಾಗೇ ಇಟ್ಟೆವು. ಸೈಟಿನವರಿಗೆ ಮೇಡಂ ಗೊತ್ತಿದ್ದರೂ ಗುತ್ತಿಗೆದಾರರ ಕಚೇರಿಯಲ್ಲಿ ಪತ್ರ ಓದುವವರು ಅವರನ್ನು ಕಂಡವರಲ್ಲ. ಐದು ವರ್ಷ, ಅವರ ಹೆಸರಿನಲ್ಲಿ ಹೊರಗೆ ಹೋದ ಪ್ರತಿ ಪತ್ರದಲ್ಲೂ. ಪತ್ರದ ಕೆಳಗೆ, ಆ ಕಾಲದ ಪದ್ಧತಿಯಂತೆ, ಬರೆಸಿದವರ ಮತ್ತು ಟೈಪ್ ಮಾಡಿದವರ ಮೊದಲಕ್ಷರಗಳು. ಅಲ್ಲಿ ನನ್ನ ಅಕ್ಷರವೂ ಇತ್ತು.

ಆ ಕ್ಲಿನಿಕ್ಕಿನ ಒಂದು ದಿನವನ್ನು ಬರೆಯಲೇಬೇಕು. ಹೆರಿಗೆಯಾದವರು ಮಲಗುವ ಕೋಣೆಗಳ ಕಿಟಕಿಗಳನ್ನು ಮೇಡಂ ಬಹಳ ಕೆಳಗೆ ಇಟ್ಟಿದ್ದರು. ಒಳಗಿನ ಅಂಗಳದಲ್ಲಿ ಒಂದು ಬೇವಿನ ಮರ. ಮಲಗಿದವಳಿಗೆ ಅದು ಕಾಣಬೇಕು. ಗುತ್ತಿಗೆದಾರರ ಇಂಜಿನಿಯರ್ ಒಪ್ಪಲಿಲ್ಲ. "ಎಲ್ಲಾ ಕಟ್ಟಡದಲ್ಲೂ ಕಿಟಕಿ ಮೂರಡಿ ಮೇಲೆ ಇರುತ್ತದೆ, ಇಲ್ಲಿ ಮಾತ್ರ ಯಾಕೆ?" ಎಂದ. ನಾನು ನಕ್ಷೆಗಳ ಸುರುಳಿ ಹಿಡಿದುಕೊಂಡು ಪಕ್ಕದಲ್ಲಿದ್ದೆ. ಮೇಡಂ ಒಂದು ಪ್ಲೈವುಡ್ ಹಲಗೆಯನ್ನು ಎರಡು ಸಾಲು ಸಿಮೆಂಟ್ ಇಟ್ಟಿಗೆಯ ಮೇಲೆ ಹಾಕಿಸಿ, ಇಪ್ಪತ್ತು ಗಂಡಸರ ಎದುರು ಅದರ ಮೇಲೆ ಮಲಗಿಬಿಟ್ಟರು.

"ಈಗ ನನ್ನ ಕಣ್ಣಿನ ಎತ್ತರ ಅಳೆಯಿರಿ," ಎಂದರು.

ಅಳೆದರು. ಆ ಎತ್ತರಕ್ಕೇ ಕಿಟಕಿ ಇಟ್ಟರು. ಹಿಂದಿರುಗುವಾಗ ಕಾರಿನಲ್ಲಿ ನನಗೆ ಹೇಳಿದರು: ಅವರ ತಾಯಿ ಜರ್ಮನಿಯ ಆಸ್ಪತ್ರೆಯಲ್ಲಿ ನಾಲ್ಕು ತಿಂಗಳು ಮಲಗಿದ್ದರಂತೆ. ಭಾಷೆ ಬಾರದು, ಕಿಟಕಿ ಎತ್ತರದಲ್ಲಿ. ನಾಲ್ಕು ತಿಂಗಳು ಛಾವಣಿಯನ್ನೇ ನೋಡಿದರಂತೆ.

ಐದು ವರ್ಷದ ನಂತರ ಮೇಡಂ ಜರ್ಮನಿಗೆ ಹಿಂದಿರುಗಿದರು. ಕೆಲವು ವರ್ಷ ಹೊಸ ವರ್ಷದ ಕಾರ್ಡು ಬರುತ್ತಿತ್ತು, ಆಮೇಲೆ ನಿಂತಿತು. ಇತ್ತ ಕಚೇರಿಗೆ ಕಂಪ್ಯೂಟರ್ ಬಂತು. ಟ್ರೇಸಿಂಗ್ ಹಾಳೆಗಳು ಹೋದವು, ಅಮೋನಿಯಾ ಹೋಯಿತು, ಕಣ್ಣಿನ ಉರಿ ಹೋಯಿತು. ಹಳೆಯ ನಕ್ಷೆಗಳನ್ನೆಲ್ಲ ಸ್ಕ್ಯಾನ್ ಮಾಡಿಸಿದೆವು. ಸ್ಕ್ಯಾನ್ ಮಾಡಿದ ಹುಡುಗರು ನಂಬರ್, ಬರೆದವರ ಹೆಸರು ಇರುವ ಅಂಚಿನ ಚೌಕದಲ್ಲಿ ಕೈಬರಹ ಹಾಳಾಗಿದೆಯೆಂದು ಅದನ್ನು ಕತ್ತರಿಸಿ, ಕಚೇರಿಯ ಹೊಸ ಚೌಕ ಅಂಟಿಸಿದರು. ಅದರಲ್ಲಿ ಬರೆದವರ ಹೆಸರಿಗೆ ಜಾಗವೇ ಇರಲಿಲ್ಲ. ಚಂದ ಕಾಣುತ್ತದೆಂದು ನಾನೇ ಸಹಿ ಹಾಕಿದ್ದೆ. ಮೂಲ ಹಾಳೆಗಳು ಡಬ್ಬಗಳಲ್ಲಿ ಮುಸಫಾದ ಗೋದಾಮಿಗೆ ಹೋದವು. ಹಿರಿಯ ಸಾಹೇಬರು ತೀರಿಕೊಂಡರು. ಈಜಿಪ್ಟಿನ ಇಂಜಿನಿಯರ್ ಫೌಜಿ ಮ್ಯಾನೇಜರ್ ಆಗಿ ಬಂದರು. ನನ್ನ ಗಂಡನೂ ಹೋದರು. ನಾನು ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಮಗನ ಮನೆ ಸೇರಿದೆ.

ನಿವೃತ್ತಿಗೆ ಇನ್ನು ಮೂರು ವರ್ಷ ಇರುವಾಗ ಮೈಥಾ ಎಂಬ ಹುಡುಗಿ ನಮ್ಮ ಕಚೇರಿಗೆ ಬಂದಳು. ಈ ದೇಶದವಳೇ, ಆರ್ಕಿಟೆಕ್ಚರ್ ಓದಿ ಆಗಷ್ಟೇ ಮುಗಿಸಿದ್ದಳು. ಅಬುಧಾಬಿಯ ಹಳೆಯ ಕಟ್ಟಡಗಳ ಬಗ್ಗೆ ಒಂದು ಪುಸ್ತಕವಾಗುತ್ತಿತ್ತು, ಅದಕ್ಕೆ ಮಾಹಿತಿ ಕೂಡಿಸುವ ಕೆಲಸ ಅವಳದು. ಕ್ಲಿನಿಕ್ಕಿನ ಫೋಟೋ ಮೇಜಿನ ಮೇಲಿಟ್ಟಳು.

"ನಾನು ಹುಟ್ಟಿದ್ದು ಇಲ್ಲಿಯೇ," ಎಂದಳು. "ಈ ಕಿಟಕಿಗಳನ್ನು ಇಷ್ಟು ಕೆಳಗೆ ಯಾರು ಇಟ್ಟರೆಂದು ನನಗೆ ತಿಳಿಯಬೇಕು. ಕ್ಲಿನಿಕ್ಕಿನ ಹಳೆಯ ಕಡತದಲ್ಲಿ, ಗುತ್ತಿಗೆದಾರರಿಗೆ ಹೋದ ಪತ್ರಗಳ ಪ್ರತಿಗಳಲ್ಲಿ ಮಿಸ್ಟರ್ ಎನ್. ಅಕ್ದೆರೆ ಎಂಬ ಹೆಸರು ಸಿಕ್ಕಿತು. ತುರ್ಕಿಯ ಇಂಜಿನಿಯರುಗಳ ಪಟ್ಟಿಗಳನ್ನೆಲ್ಲ ಆರು ತಿಂಗಳಿನಿಂದ ಹುಡುಕುತ್ತಿದ್ದೇನೆ. ಅಂಥ ಗಂಡಸೇ ಇಲ್ಲ."

ಫೌಜಿ ಸರ್ ಭುಜ ಹಾರಿಸಿದರು. "ನನಗಿಂತ ಮುಂಚಿನವನು. ಬಂದು ಹೋದ ಯಾರೋ ಇರಬೇಕು. ವಸಂತಿ, ನಿನಗೆ ನೆನಪಿದೆಯಾ?"

ಮೈಥಾ ಪತ್ರದ ಪ್ರತಿಯನ್ನು ನನ್ನ ಕಡೆ ತಿರುಗಿಸಿದಳು. ಕೆಳಗೆ ನನ್ನ ಅಕ್ಷರ. ಇಷ್ಟು ವರ್ಷದ ನನ್ನ ಹೆಮ್ಮೆ ಒಪ್ಪಿಕೊಳ್ಳಲು ಬಿಡಲಿಲ್ಲ. "ನೋಡಿ ಹೇಳ್ತೇನೆ ಸರ್," ಎಂದೆ. ಅಷ್ಟೇ.

ಆ ದಿನ ಮನೆಗೆ ಹೋಗಿ ಬಡಿಸಿಕೊಂಡ ಅನ್ನ ಉಣ್ಣಲಿಲ್ಲ. ಸೊಸೆ ಕೇಳಿದಳು, ಹೇಳಿದೆ. ಅವಳು, "ಅತ್ತೆ, ನಿಮ್ಮ ಹೆಸರನ್ನು ಯಾರಾದ್ರೂ ಹೀಗೆ ಮಾಡಿದ್ರೆ?" ಎಂದಳು.

ಬೆಳಿಗ್ಗೆ ಫೌಜಿ ಸರ್ ಚಹಾದ ಲೋಟ ಎತ್ತುವ ಮೊದಲೇ ಒಳಗೆ ಹೋದೆ. "ಸರ್, ಆ ಅಕ್ದೆರೆ ಗಂಡಸಲ್ಲ. ನೆರ್ಮಿನ್ ಅಂತ ಹೆಂಗಸು. ಮಿಸ್ಟರ್ ಎಂದು ಟೈಪ್ ಮಾಡಿದ್ದು ನಾನು."

"ಎಷ್ಟು ಪತ್ರಗಳಲ್ಲಿ?"

"ಎಲ್ಲದರಲ್ಲೂ."

ಅವರು ಲೋಟ ಪಕ್ಕಕ್ಕೆ ಸರಿಸಿದರು. "ಯಾ ವಸಂತಿ! ಪುಸ್ತಕ ಎರಡು ವಾರದಲ್ಲಿ ಅಚ್ಚಿಗೆ ಹೋಗುತ್ತದೆ. ಹಿರಿಯ ಸಾಹೇಬರ ಹೆಸರು ಹಾಕಿದರೆ ಯಾರದೂ ತಕರಾರಿಲ್ಲ, ಖಲಾಸ್. ಬಾಯಿಮಾತು ಬೇಡ, ಕಾಗದ ತನ್ನಿ ಎಂದು ಹತ್ತು ವರ್ಷದಿಂದ ನಮಗೆಲ್ಲ ಹೇಳಿದವಳು ನೀನು. ಈಗ ನಿನ್ನ ಬಾಯಿಮಾತನ್ನು ನಾನು ಹೇಗೆ ಕಳಿಸಲಿ?"

ಅದರಲ್ಲಿ ತಪ್ಪೇನೂ ಇರಲಿಲ್ಲ. "ಕಾಗದ ತರ್ತೇನೆ," ಎಂದು ಎದ್ದೆ.

ಶುಕ್ರವಾರ ರಜೆಯ ದಿನ ಮಗ ನನ್ನನ್ನು ಗೋದಾಮಿಗೆ ಕರೆದುಕೊಂಡು ಹೋದ. ತಗಡಿನ ಮಾಡಿನ ಕೆಳಗೆ ಧೂಳು, ಸೆಕೆ. ಮಧ್ಯಾಹ್ನದ ಹೊತ್ತಿಗೆ ಕ್ಲಿನಿಕ್ಕಿನ ಡಬ್ಬ ಸಿಕ್ಕಿತು. ಮೂಲ ಟ್ರೇಸಿಂಗ್ ಹಾಳೆಗಳು, ಅಂಚಿನ ಚೌಕದಲ್ಲಿ ಮೇಡಂ ಕೈಯ ಓರೆ ಅಕ್ಷರ: ವಿನ್ಯಾಸ, ಎನ್. ಎ. ಕಣ್ಣು ತುಂಬಿತು. ಆದರೆ ಮರುದಿನ ಫೌಜಿ ಸರ್ ಹೇಳಿದ್ದು ಸರಿಯೇ: "ಕ್ಲಿನಿಕ್ ಎನ್. ಎ. ಅವರದು ಎಂದಾಯಿತು. ಎನ್. ಎ. ಹೆಂಗಸು ಎಂದು ಎಲ್ಲಿದೆ?" ಸಿಬ್ಬಂದಿಯ ಕಡತಗಳು ಕಚೇರಿ ಬದಲಿಸುವಾಗಲೇ ಹೋಗಿದ್ದವು.

ಆಗ ನೆನಪಾದವರು ಇಸ್ಮಾಯಿಲ್ ಸಾಹೇಬರು. ಭಟ್ಕಳದವರು, ಆ ಸೈಟಿನಲ್ಲಿ ಗುತ್ತಿಗೆದಾರರ ಗುಮಾಸ್ತರಾಗಿದ್ದರು. ವಾರದ ಸಭೆಯ ಟಿಪ್ಪಣಿ ಬರೆದು ನನಗೆ ತಂದು ಕೊಡುತ್ತಿದ್ದವರು. ಈಗ ದುಬೈಯಲ್ಲಿ ಅವರದೇ ಬಟ್ಟೆ ಅಂಗಡಿ. ಫೋನ್ ಮಾಡಿದೆ.

"ಅರೆ ವಸಂತಿಯಕ್ಕ! ಆ ಮೇಡಂ ಅವರನ್ನು ಮರೀಲಿಕ್ಕೆ ಆಗ್ತದಾ? ಹಲಗೆ ಮೇಲೆ ಮಲಗಿದ್ರಲ್ಲ! ನಾನು ಅದನ್ನು ಹಾಗೇ ಬರ್ದಿದ್ದೆ. ನಮ್ಮ ಇಂಜಿನಿಯರ್ ಬೈದ, ಇದೆಲ್ಲ ಬರೀಲಿಕ್ಕೆ ಉಂಟಾ ಅಂತ."

"ಆ ಟಿಪ್ಪಣಿ ನಿಮ್ಮಲ್ಲಿ ಉಂಟಾ ಸಾಹೇಬ್ರೆ?"

"ನಮ್ಮ ಕಂಪನಿ ಮುಚ್ಚಿ ಯಾವ ಕಾಲ ಆಯ್ತು. ಆದ್ರೆ ನಿಮಗೆ ಯಾವತ್ತೂ ಎರಡು ಕಾಪಿ ಕೊಡ್ತಿದ್ದೆ ಅಲ್ವಾ? ಒಂದು ಕ್ಲಿನಿಕ್ಕಿನ ಫೈಲಿಗೆ, ಒಂದು ಕಾಂಕ್ರೀಟ್ ಪರೀಕ್ಷೆಯ ಫೈಲಿಗೆ. ನೀವೇ ಕೇಳಿ ತಕ್ಕೊಳ್ತಿದ್ದದ್ದು."

ಕ್ಲಿನಿಕ್ಕಿನ ಫೈಲಿನ ಪ್ರತಿ ಹಿಂದೆಯೇ ಕಳೆದಿತ್ತು. ಕಾಂಕ್ರೀಟ್ ಪರೀಕ್ಷೆಯ ಫೈಲನ್ನು ಯಾರೂ ತೆರೆಯುವುದಿಲ್ಲ, ಹಾಗಾಗಿ ಯಾರೂ ಕಳೆಯುವುದೂ ಇಲ್ಲ. ಮುಂದಿನ ಶುಕ್ರವಾರ ಅದೇ ಗೋದಾಮಿನಲ್ಲಿ, ಒಣಗಿದ ರಬ್ಬರ್ ಬ್ಯಾಂಡ್ ಪುಡಿಯಾದ ಒಂದು ಕಟ್ಟಿನೊಳಗೆ ಆ ಟಿಪ್ಪಣಿ ಸಿಕ್ಕಿತು. ಇಸ್ಮಾಯಿಲ್ ಸಾಹೇಬರ ಇಂಗ್ಲಿಷಿನಲ್ಲಿ ಹೀಗಿತ್ತು: ಆರ್ಕಿಟೆಕ್ಟ್ ಎನ್. ಅಕ್ದೆರೆ ಮೇಡಂ ಪ್ಲೈವುಡ್ ಮೇಲೆ ಮಲಗಿದರು. ಅವರ ಕಣ್ಣಿನ ಎತ್ತರ ಅಳೆಯಲಾಯಿತು. ಕಿಟಕಿಯನ್ನು ಅದರಂತೆ ಇಡಲು ಅವರು ಆದೇಶಿಸಿದರು. ನಾನು ಗೋದಾಮಿನ ನೆಲದ ಮೇಲೆ ಕೂತು ನಕ್ಕೆ. ಮಗ ಹೆದರಿ ನೀರು ತಂದುಕೊಟ್ಟ.

ಭಾನುವಾರ ಒಂದು ತಿದ್ದುಪಡಿ ಪತ್ರ ಸಿದ್ಧ ಮಾಡಿದೆ. ಮೇಡಂ ಹೆಸರಿನ ಎಲ್ಲ ಪತ್ರಗಳ ಪಟ್ಟಿ, ಅದರ ಕೆಳಗೆ: 'ಇವುಗಳಲ್ಲಿ ಮಿಸ್ಟರ್ ಎಂದಿರುವುದು ಟೈಪಿಸ್ಟಿನ ತಪ್ಪು. ಮಿಸ್ ನೆರ್ಮಿನ್ ಅಕ್ದೆರೆ ಎಂದು ಓದಿಕೊಳ್ಳತಕ್ಕದ್ದು.' ನನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿದೆ. ಫೌಜಿ ಸರ್ ಸಭೆಯ ಟಿಪ್ಪಣಿಯನ್ನು ಎರಡು ಸಲ ಓದಿದರು. ನನ್ನ ಪತ್ರದಲ್ಲಿ 'ಟೈಪಿಸ್ಟಿನ' ಎಂಬ ಪದವನ್ನು ಹೊಡೆದು 'ಕಚೇರಿಯ' ಎಂದು ಬರೆದು, ಪಕ್ಕದಲ್ಲಿ ತಮ್ಮ ಸಹಿ ಹಾಕಿದರು.

"ಐದು ವರ್ಷ ಈ ಪತ್ರಗಳನ್ನು ಎಷ್ಟು ಜನ ಓದಿ ಸುಮ್ಮನಿದ್ದರು?" ಎಂದರು. "ನೀನೊಬ್ಬಳೇ ಅಲ್ಲ. ಯಲ್ಲಾ, ಇನ್ನು ತಡ ಬೇಡ, ಕಳಿಸು."

ಕಲಿಯಲಿಕ್ಕೆ ಎಂತ ಉಂಟು ಎಂದು ಶ್ರಾವ್ಯ ಕೇಳಿದಳಲ್ಲ, ನನಗೆ ಕಲಿಸಿದ ಮೇಲಿನವರು ಹೀಗಿದ್ದರು. ಒಬ್ಬರು ಗೋಡೆಯ ಎದುರು ಕೂರಿಸಿದರು, ಇನ್ನೊಬ್ಬರು ಒಂದು ಪದ ಹೊಡೆದುಹಾಕಿದರು. ಇಬ್ಬರಿಗೂ ನಾನು ಋಣಿ.

ಪತ್ರ ಸಿಕ್ಕಿದ ದಿನ ಮೈಥಾ ಓಡಿಬಂದಳು. ಆವತ್ತಿನಿಂದ ನಾನು ಅವಳಿಗೆ 'ಖಾಲಾ', ಎಂದರೆ ಚಿಕ್ಕಮ್ಮ. ಆಗ ಹುಡುಕಿದರೆ ನನ್ನ ಹಳೆಯ ಫೋನ್ ಪುಸ್ತಕದಲ್ಲಿ ಮೇಡಂ ತಂಗಿಯ ಜರ್ಮನಿಯ ನಂಬರ್ ಇತ್ತು. ಮೈಥಾ ಎರಡು ದಿನ ಪ್ರಯತ್ನಪಟ್ಟಳು. ಕೊನೆಗೆ ಫೋನ್ ಎತ್ತಿದ ತಂಗಿ, "ಅಲ್ಲಿಂದ ಇಲ್ಲಿಗೆ ಯಾಕೆ ಫೋನ್ ಮಾಡುತ್ತೀರಿ? ಚಳಿಗಾಲವಿಡೀ ಅವಳು ದುಬೈಯಲ್ಲಿ ಮಗಳ ಮನೆಯಲ್ಲೇ ಇರುತ್ತಾಳೆ," ಎಂದರಂತೆ.

ಜುಮೇರಾ ಲೇಕ್ ಟವರ್ಸ್‌ನ ಮೂವತ್ತನೆಯ ಮಹಡಿ. ಬಾಗಿಲು ತೆರೆದವರ ಕೂದಲು ಪೂರ್ತಿ ಬೆಳ್ಳಗಾಗಿತ್ತು, ನಡಿಗೆ ಮಾತ್ರ ಅದೇ. ನನ್ನನ್ನು ತಬ್ಬಿಕೊಂಡು, "ಜಾನಿಮ್, ನಿನಗೂ ವಯಸ್ಸಾಯಿತಾ?" ಎಂದರು. ಮೈಥಾ ವಿಷಯ ಹೇಳಿದಾಗ ಮೊದಲು ನಕ್ಕರು.

"ಜರ್ಮನಿಯಲ್ಲಿ ಆರ್ಕಿಟೆಕ್ಟರ ಪುಸ್ತಕ ಬಂತು, ಅದರಲ್ಲಿ ನಾನಿಲ್ಲ, ತುರ್ಕಿಯವಳು ಎಂದು. ತುರ್ಕಿಯ ಪುಸ್ತಕದಲ್ಲಿ ನಾನಿಲ್ಲ, ಜರ್ಮನಿಗೆ ಹೋದವಳು ಎಂದು. ಇಲ್ಲಿ ಇದ್ದೇನೆ, ಆದರೆ ಗಂಡಸಾಗಿ!"

ನಾನು ಕ್ಷಮೆ ಕೇಳಿದೆ. ಅವರ ನಗು ನಿಂತಿತು.

"ಬಿಡು ಎಂದವಳು ನಾನೇ. ಆಗ ಜಾಣತನ ಎಂದುಕೊಂಡಿದ್ದೆ. ಉತ್ತರ ಬೇಗ ಬರುತ್ತಿತ್ತು ವಸಂತಿ, ಆದರೆ ಆ ಉತ್ತರ ಬರುತ್ತಿದ್ದದ್ದು ನನಗಲ್ಲ."

ಮತ್ತೆ ಮೈಥಾಳ ಟಿಪ್ಪಣಿ ಪುಸ್ತಕ ಎಳೆದುಕೊಂಡು ಇನ್ನೂ ಎರಡು ಹೆಸರು ಬರೆದರು: ಸೆವಿಮ್, ಗುಲ್ತೆನ್. ಜರ್ಮನಿಯಲ್ಲಿ ಜೊತೆಗೆ ಓದಿದವರು, ಕಾರ್ಖಾನೆಯ ಕೂಲಿಗಳ ಮಕ್ಕಳೇ, ಅದೇ ವರ್ಷಗಳಲ್ಲಿ ದುಬೈಯ ಬೇರೆ ಕಚೇರಿಗಳಲ್ಲಿದ್ದವರು. "ಅವರ ಕಾಗದಗಳನ್ನೂ ಹುಡುಕು. ನನ್ನೊಬ್ಬಳನ್ನೇ ಹಾಕಿದರೆ ಏನೋ ಆಕಸ್ಮಿಕ ಎಂದುಕೊಳ್ಳುತ್ತಾರೆ." ಮೈಥಾ ಹುಡುಕಿದಳು. ನಾನೂ ಎರಡು ಕಚೇರಿಗಳ ಡಾಕ್ಯುಮೆಂಟ್ ಕಂಟ್ರೋಲರುಗಳಿಗೆ ಫೋನ್ ಮಾಡಿದೆ. ನಮ್ಮಲ್ಲಿ ಒಬ್ಬರಿಗೊಬ್ಬರು ಪರಿಚಯ. ಸೆವಿಮ್ ಅವರ ಒಂದು ವಸತಿ ಕಟ್ಟಡದ ನಕ್ಷೆ ಸಿಕ್ಕಿತು, ಹೆಸರು ಸಮೇತ. ಗುಲ್ತೆನ್ ಅವರದು ಸಿಗಲಿಲ್ಲ. ಇನ್ನೂ ಹುಡುಕುತ್ತಿದ್ದಾರೆ. ಇದಕ್ಕೆಲ್ಲ ಪುಸ್ತಕ ಎರಡು ತಿಂಗಳು ತಡವಾಯಿತು. ಯಾರೂ ಸಾಯಲಿಲ್ಲ.

ಅಚ್ಚಿಗೆ ಹೋಗುವ ಮೊದಲು ಮೇಡಂ ಕ್ಲಿನಿಕ್ ನೋಡಬೇಕೆಂದರು. ಮೈಥಾ ನಮ್ಮಿಬ್ಬರನ್ನೂ ಕರೆದುಕೊಂಡು ಹೋದಳು. ಅದು ಈಗಲೂ ಕ್ಲಿನಿಕ್ಕೇ. ಬೇವಿನ ಮರ ಛಾವಣಿಗಿಂತ ಎತ್ತರವಾಗಿ ಅಂಗಳವಿಡೀ ನೆರಳು. ಖಾಲಿಯಿದ್ದ ಒಂದು ಕೋಣೆಯ ಹಾಸಿಗೆಯ ಮೇಲೆ ನರ್ಸಿನ ಒಪ್ಪಿಗೆ ಕೇಳಿ ಮೇಡಂ ಒಂದು ನಿಮಿಷ ಮಲಗಿದರು. ಕಿಟಕಿಯ ಕಡೆ ಮುಖ ಮಾಡಿ ಮರ ನೋಡಿದರು.

ಹೊರಗೆ ಬರುವಾಗ ಬಾಗಿಲಲ್ಲಿ ಒಬ್ಬ ತಾಯಿ ಮಗುವಿನ ತಳ್ಳುಗಾಡಿಯೊಂದಿಗೆ ಒದ್ದಾಡುತ್ತಿದ್ದಳು. ಹೊಸ್ತಿಲ ಹತ್ತಿರ ಒಂದು ಮೆಟ್ಟಿಲಿತ್ತು, ಮುಂದಿನ ಚಕ್ರ ಅದಕ್ಕೆ ಸಿಕ್ಕಿಕೊಂಡಿತ್ತು. ಹಿಂದಿಯಲ್ಲಿ ಗೊಣಗಿಕೊಂಡಳು: "ಪ್ರತಿ ಸಲವೂ ಇದೇ ಕತೆ. ಯಾವ ಬುದ್ಧಿಗೇಡಿ ಇಲ್ಲಿ ಮೆಟ್ಟಿಲು ಇಟ್ಟನೋ!"

ಅವಳು ಹೇಳಿದ್ದೇನೆಂದು ಮೇಡಂ ನನ್ನನ್ನು ಕೇಳಿದರು. ಹೇಳಲೋ ಬೇಡವೋ ಎಂದು ಅನುಮಾನಿಸಿ ಹೇಳಿದೆ.

ಮೇಡಂ ಮುಂದೆ ಹೋಗಿ ಗಾಡಿಯ ಮುಂಭಾಗ ಹಿಡಿದರು. "ನಾನು ಇಟ್ಟದ್ದು," ಎಂದರು ಇಂಗ್ಲಿಷಿನಲ್ಲಿ. "ಆಗ ರಸ್ತೆಯ ಮರಳು ಒಳಗೆ ಬರುತ್ತಿತ್ತು, ಅದಕ್ಕೆ. ಗಾಡಿಯ ಯೋಚನೆ ಮಾಡಲಿಲ್ಲ. ನನ್ನದೇ ತಪ್ಪು. ನೀನು ಆ ಕಡೆ ಎತ್ತು."

ಇಬ್ಬರೂ ಎತ್ತಿದರು. ಆ ತಾಯಿ ಈ ಬೆಳ್ಳಗಿನ ಕೂದಲಿನ ಹೆಂಗಸನ್ನೂ ಕಟ್ಟಡವನ್ನೂ ಎರಡೆರಡು ಸಲ ನೋಡಿದಳು. "ಇದೆಲ್ಲ ನೀವು ಕಟ್ಟಿದ್ದಾ?" ಎಂದು ಕೇಳಿದಳು.

"ಹೌದು," ಎಂದರು ಮೇಡಂ. ಮತ್ತೆ ಮೈಥಾಳ ಕಡೆ ತಿರುಗಿ, "ಮೆಟ್ಟಿಲನ್ನೂ ಬರೆದುಕೋ. ಅದೂ ನನ್ನದೇ," ಎಂದರು.